ಕುದುರೆಗಳ್ಳನಿಗೆ ಮಂಗಳ

ಅಣ್ಣಿಗೇರಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ, ಚಳಿ ಎಷ್ಟಿತ್ತು. ಎರಡಕ್ಕೂ ಇಲ್ಲೇ ಉತ್ತರ ಹೇಳಿ ಮುಗಿಸುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಚಳಿ ನಮ್ಮ ಎಣಿಕೆ ಮೀರಿತ್ತು, ಕಾಕಾ ಕಂಬಳಿ ಹೊದ್ದುಕೊಂಡೇ ಇಟಲಿ ನೋಡಿದ. ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ನಾನು ಅಣ್ಣಿಗೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಗೋಡೆಯ ಮೇಲೆ ಹಳೆಯ ಮೂಕಿ ಚಿತ್ರ ತೋರಿಸುವ ಚಟ ನನಗಿದೆ. ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅಮೆರಿಕದವರು ತೆಗೆದ ಕೌಬಾಯ್ ಚಿತ್ರಗಳೆಂದರೆ ನಮ್ಮ ಮಕ್ಕಳಿಗೆ ಪಂಚಪ್ರಾಣ. ಕುದುರೆ, ಧೂಳು, ದನದ ಹಿಂಡು, ಅಗಲ ಟೊಪ್ಪಿಗೆ. ಮಾತೇ ಇಲ್ಲವಾದ್ದರಿಂದ ಇಂಗ್ಲಿಷಿನ ಹಂಗೂ ಇಲ್ಲ. ನಾನು ಪಕ್ಕದಲ್ಲಿ ಕೂತು ಹಾರ್ಮೋನಿಯಂ ಬಾರಿಸುತ್ತೇನೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು, ಕಳ್ಳ ಗುಡ್ಡದಲ್ಲಿ ಓಡುತ್ತಾನೆ, ಅದೇ ಹೊತ್ತಿಗೆ ಫೌಜದಾರ ಊರಲ್ಲಿ ಕುದುರೆ ಹತ್ತುತ್ತಾನೆ, ಎರಡನ್ನೂ ನೋಡುವ ನಾವು ಎಲ್ಲಿ ನಿಂತಿದ್ದೇವೆ ಸರ್ ಎಂದು. ನನಗೆ ಆ ಪ್ರಶ್ನೆ ತುಂಬ ಹಿಡಿಸಿತು. ಆರಂಭದ ದಿನಗಳಲ್ಲಿ ಸಿನಿಮಾದವರನ್ನೂ ಅದೇ ಪ್ರಶ್ನೆ ಕಾಡಿರಬೇಕು. ಮೊದಮೊದಲು ಕ್ಯಾಮೆರಾವನ್ನು ನಾಟಕ ನೋಡಲು ಕೂತವರ ಜಾಗದಲ್ಲಿ ಇಟ್ಟು ಅಲುಗಾಡಿಸದೆ ಚಿತ್ರ ತೆಗೆಯುತ್ತಿದ್ದರು. ಆಮೇಲೆ ಯಾರೋ ಧೈರ್ಯ ಮಾಡಿ ಅದನ್ನು ಎಬ್ಬಿಸಿ ಗುಡ್ಡಕ್ಕೂ ಒಯ್ದರು, ಊರಿಗೂ ತಂದರು. ಅತ್ತ ಹೀಗಾಗುತ್ತಿರಲು ಇತ್ತ ಹೀಗಾಯಿತು ಎಂದು ಕಥೆ ಹೇಳುವವರು ಬಾಯಿಮಾತಿನಲ್ಲಿ ಮಾಡುತ್ತಿದ್ದದ್ದನ್ನೇ ಅವರು ಕತ್ತರಿ ಹಿಡಿದು ಮಾಡಿದರು.

ಕಥೆ ಹೇಳುವವರು ಎಂದೆನಲ್ಲ, ನಮ್ಮ ಮನೆಯಲ್ಲೇ ಒಬ್ಬನಿದ್ದಾನೆ. ಫಕೀರಪ್ಪ ಕಾಕಾ, ನನ್ನ ಅಪ್ಪನ ತಮ್ಮ. ನಮ್ಮ ಮೂಲ ಊರು ಕಲಘಟಗಿ ತಾಲೂಕಿನ ದುಮ್ಮವಾಡ. ಅಲ್ಲಿ ನಮ್ಮ ಓಣಿಯ ದೊಡ್ಡಾಟದ ಮೇಳದಲ್ಲಿ ಕಾಕಾ ಸಾರಥಿ. ರಂಗಕ್ಕೆ ಬಂದ ಪ್ರತಿಯೊಬ್ಬನನ್ನೂ ನೀನು ಯಾರು, ಯಾವೂರು, ಯಾಕೆ ಬಂದೆ ಎಂದು ಕೇಳಿ, ನಡುನಡುವೆ ಹಾಡಿ, ಕಥೆಯನ್ನು ಮುಂದೆ ಸಾಗಿಸುವವನೇ ಸಾರಥಿ. ಅಪ್ಪ ಯಾವಾಗಲೂ ರಾಕ್ಷಸ. ಎಂದರೆ ಯಾವಾಗಲೂ ಸಾಯುವವನು. ನಿಮ್ಮಪ್ಪನಷ್ಟು ಚೆಂದ ಯಾರೂ ಸಾಯುವುದಿಲ್ಲ ಎಂದು ಊರಿನವರು ನನ್ನೆದುರೇ ಹೊಗಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಅಜ್ಜನ ಕಾಲದಲ್ಲಿ ನಮ್ಮವರನ್ನು ಗುಡಿಯ ಕಟ್ಟೆ ಹತ್ತಿಸುತ್ತಿರಲಿಲ್ಲವಂತೆ. ಆಟದ ದಿನ ಮಾತ್ರ ಕಿರೀಟ ಇಟ್ಟ ನಮ್ಮವರಿಗೆ ಅದೇ ಕಟ್ಟೆಯ ಮೇಲೆ ಕೂತವರು ಚಪ್ಪಾಳೆ ಹೊಡೆಯುತ್ತಿದ್ದರು.

ನಮ್ಮ ಮೇಳದಲ್ಲಿ ಒಂದು ಕಟ್ಟಳೆ ಇದೆ. ಆಟದಲ್ಲಿ ಸತ್ತವನನ್ನು ಕೊನೆಗೆ ಸಾರಥಿ ಜನರ ಎದುರೇ ಕೈಹಿಡಿದು ಎಬ್ಬಿಸಬೇಕು, ಅವನು ಎದ್ದು ನಿಂತ ಮೇಲೆ ಮಂಗಳದ ಹಾಡು ಹಾಡಬೇಕು, ಆಮೇಲೆ ಜನ ಚಾಪೆ ಸುತ್ತಬೇಕು. ಹಾಗೆ ಮಾಡದಿದ್ದರೆ ಆಟದ ಸಾವು ಆಟದಲ್ಲಿ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮೂರು ವರ್ಷದ ಹಿಂದಿನ ಆಟದಲ್ಲಿ ಅಪ್ಪ ಸತ್ತು ಬಿದ್ದ ಹೊತ್ತಿಗೇ ಗಾಳಿಮಳೆ ಬಂತು. ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಜನ ಎದ್ದು ಓಡಿದರು, ಕಾಕಾ ಹಾರ್ಮೋನಿಯಂ, ಮದ್ದಳೆ ನೆನೆಯದಂತೆ ಎತ್ತಿಕೊಂಡು ಓಡಿದ. ಅಪ್ಪ ಕತ್ತಲಲ್ಲಿ ತಾನೇ ಎದ್ದು, ಬಣ್ಣದ ಮುಖದಲ್ಲೇ ಬೀಡಿ ಸೇದುತ್ತ ಮನೆಗೆ ಬಂದ. ಅದಾಗಿ ಕೆಲವು ದಿನಕ್ಕೆ ಹೊಲದಲ್ಲಿ ಕುಸಿದುಬಿದ್ದವನು ಏಳಲಿಲ್ಲ.

ಹೃದಯಾಘಾತ ಎಂದರು ಡಾಕ್ಟರು. ನಾನೂ ಅದನ್ನೇ ನಂಬಿದೆ, ಈಗಲೂ ನಂಬುತ್ತೇನೆ. ನಮ್ಮದು ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ, ಆ ಪಟ ತಂದವನೂ ಅಪ್ಪನೇ. ಆದರೆ ಕಾಕಾ ಅಂದಿನಿಂದ ಹಾಡುವುದನ್ನು ಬಿಟ್ಟುಬಿಟ್ಟ. ಮಾತಾಡುತ್ತಿದ್ದ, ನಗುತ್ತಿದ್ದ, ಬಿತ್ತಿಗೆಗೆ ಹೋಗುತ್ತಿದ್ದ, ತಾಳ ಮಾತ್ರ ಗೂಟದಲ್ಲಿ ತೂಗುತ್ತಿತ್ತು. ಅಪ್ಪನನ್ನು ಕಳೆದುಕೊಂಡವನಿಗೆ ಕಾಕಾನ ದನಿಯನ್ನೂ ಕಳೆದುಕೊಳ್ಳುವುದು ಬಹಳ ಕಷ್ಟವಾಗುತ್ತಿತ್ತು.

ಹೀಗಿರುವಾಗ ನನ್ನ ಶನಿವಾರದ ಹಾರ್ಮೋನಿಯಂ ವಿಡಿಯೋ ಒಂದು ಯಾರ‍್ಯಾರದೋ ಮೊಬೈಲು ದಾಟಿ ಇಟಲಿಯ ಒಬ್ಬ ಹೆಂಗಸಿನ ಕಣ್ಣಿಗೆ ಬಿತ್ತು. ಹೆಸರು ಮಾರ್ತಾ. ಸಣ್ಣ ಊರೊಂದರಲ್ಲಿ ಹಳೆಯ ಚಿತ್ರಮಂದಿರ ನಡೆಸುವವರು. ಅವರ ಬಳಿ ಒಂದು ಮೂಕಿ ಕೌಬಾಯ್ ಚಿತ್ರವಿತ್ತು, ಆದರೆ ದೃಶ್ಯಗಳ ನಡುವೆ ಬರುವ ಬರಹದ ಹಲಗೆಗಳು ಹಾಳಾಗಿ ಯಾರು ಯಾರೆಂದು ತಿಳಿಯದಂತಾಗಿತ್ತು. ಆ ಕಾಲದಲ್ಲಿ ಪರದೆಯ ಪಕ್ಕ ಒಬ್ಬ ನಿಂತು ಬಾಯಿಂದ ಕಥೆ ಹೇಳುತ್ತಿದ್ದನಂತೆ. ನಿಮ್ಮ ಕಡೆ ಅಂಥವರು ಯಾರಾದರೂ ಇದ್ದಾರೆಯೇ, ಅವರ ಭಾಷೆ ಯಾವುದಾದರೂ ಸರಿ, ಎಂದು ಕೇಳಿದ್ದರು.

ಕಾಕಾನಿಗೆ ಚಿತ್ರದ ಮೊದಲ ಎರಡು ಭಾಗ ಮೊಬೈಲಿನಲ್ಲಿ ತೋರಿಸಿದೆ. ಮೂರನೆಯದನ್ನು ಇನ್ನೂ ತೊಳೆದು ಸರಿಮಾಡುತ್ತಿದ್ದರು. ಕುದುರೆಗಳ್ಳನೊಬ್ಬ ದೂರದಿಂದ ಬಂದು, ಕುದುರೆ ನಿಲ್ಲಿಸಿ, ನಮ್ಮ ಕಡೆ ತಿರುಗಿದ. "ಯಾರಪಾ ನೀ?" ಎಂದ ಕಾಕಾ. ಅದು ಅವನಿಗೆ ಅರಿವಿಲ್ಲದೇ ಬಂದ ಮಾತು. ನಾನು ಮೊಬೈಲನ್ನು ಅವನ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ, ಬರೇ ಮಾತಿನಲ್ಲಿ ಕಥೆ ಹೇಳುವುದಾದರೆ ಬರುತ್ತೇನೆ, ಹಾಡುವ ಮಾತು ಆಮೇಲೆ ನೋಡೋಣ ಎಂದ. ಮಾರ್ತಾಗೆ ಅಷ್ಟೇ ಬರೆದೆ.

ವಿಮಾನದಲ್ಲಿ

ವಿಮಾನ ನಿಲ್ದಾಣದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಿಚ್ಚಿಸಿದರು. ಒಳಗೇನಿದೆ ಎಂದರೆ ಗಾಳಿ ಎಂದೆ. ನಿಜವೇ ಆದರೂ ಅಲ್ಲಿ ಹೇಳುವ ಮಾತಲ್ಲ ಅದು. ಬಾರಿಸಿ ತೋರಿಸಿದ ಮೇಲೆ ಬಿಟ್ಟರು. ಕಾಕಾನ ಕಂಚಿನ ತಾಳವನ್ನು ಒಬ್ಬ ಅಧಿಕಾರಿ ಬಡಿದು ನೋಡಿದ. ತಾಳ ಹಿಡಿಯುವ ರೀತಿ ಅದಲ್ಲವೆಂದು ಕಾಕಾ ಅವನ ಬೆರಳು ತಿದ್ದಲು ಹೋದ. ನಮ್ಮ ಹಿಂದೆ ಸಾಲಿನಲ್ಲಿ ನಿಂತವರು ನಮ್ಮನ್ನು ಶಪಿಸಿರಬೇಕು.

ವಿಮಾನದಲ್ಲಿ ಕಾಕಾ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಒಪ್ಪಲಿಲ್ಲ. ಸೀಟಿನಿಂದ ಸೀಟಿಗೆ ಕಣ್ಣಾಡಿಸುತ್ತ ಬೇರೆಯವರ ಪರದೆಗಳನ್ನೇ ನೋಡುತ್ತ ಕೂತ. ನಾನು ನಿದ್ದೆಯಿಂದ ಎದ್ದಾಗ ಮುಂದಿನ ಸೀಟಿನವಳ ಸಿನಿಮಾದಲ್ಲಿ ಮಾವನೇ ಕೊಲೆ ಮಾಡಿದವನು ಎಂದು ಹೇಳಿದ. ಹೇಗೆ ಗೊತ್ತಾಯಿತು ಎಂದರೆ, ಎಲ್ಲರೂ ಅಳುವಾಗ ಅವನು ಬಾಗಿಲ ಕಡೆ ನೋಡಿದನಂತೆ. ಈಗಿನ ಸಿನಿಮಾಗಳ ಗದ್ದಲದಲ್ಲಿ ನಾವು ನೋಡುವುದನ್ನು ಎಷ್ಟು ಬಿಟ್ಟುಕೊಟ್ಟಿದ್ದೇವೆ ಎಂದು ಆಗ ಅನಿಸಿತು. ಮೂಕಿ ಚಿತ್ರದ ನಟರಿಗೆ ಇದ್ದದ್ದು ಕಣ್ಣು, ಹೆಗಲು, ಕೈ ಅಷ್ಟೇ. ಒಬ್ಬನ ಒಳಗಿನ ಕೇಡನ್ನು ತೋರಿಸಬೇಕಾದರೆ ಅವನನ್ನು ಬಾಗಿಲ ಕಡೆ ನೋಡಿಸಬೇಕಾಗಿತ್ತು.

ಊರು ಮುಟ್ಟಿದ ದಿನ

ಇಟಲಿಯ ಉತ್ತರ ಭಾಗ ನಮ್ಮ ನವಲಗುಂದದ ಎರೆಹೊಲದ ಹಾಗೆ ಚಪ್ಪಟೆ. ರೈಲಿನ ಕಿಟಕಿಯಿಂದ ಗೋವಿನಜೋಳದ ಹೊಲ ಕಂಡು ಕಾಕಾ ತನ್ನ ಹೊಲವನ್ನೇ ಯಾರೋ ಎತ್ತಿ ಇಲ್ಲಿಟ್ಟಿದ್ದಾರೆ ಎಂಬಂತೆ ನೋಡಿದ. ಹಿಂದೆ ಹಿಮದ ಗುಡ್ಡಗಳು ಕಾಣಿಸಿದ ಮೇಲೆ ಕಂಬಳಿ ಎಳೆದುಕೊಂಡ. ಮಾರ್ತಾ ನಿಲ್ದಾಣಕ್ಕೆ ಬಂದಿದ್ದರು. ಐವತ್ತು ದಾಟಿದವರು, ಗಂಡಸಿನ ಕೋಟು ತೊಟ್ಟಿದ್ದರು, ಇಂಗ್ಲಿಷನ್ನು ನನಗಿಂತ ಅವಸರವಾಗಿ, ನನ್ನಷ್ಟೇ ತಪ್ಪಾಗಿ ಮಾತಾಡುತ್ತಿದ್ದರು. ಕಂಡಕೂಡಲೇ ಕಾಕಾನನ್ನು ತಬ್ಬಿಕೊಂಡರು. ಕಾಕಾ ಬಿದಿರು ಗಳದಂತೆ ನೆಟ್ಟಗೆ ನಿಂತುಬಿಟ್ಟ.

ಅಲ್ಲಿಯ ಜನ ಚಹಾ ಅಂಗಡಿಯಲ್ಲಿ ಕಾಫಿಯನ್ನು ನಿಂತುಕೊಂಡೇ ಗುಟುಕರಿಸಿ ಹೋಗುತ್ತಾರೆ. ನಾವು ಕೂತೆವು. ಕೂತವರನ್ನು ಯಾರೂ ವಿಚಾರಿಸಲಿಲ್ಲ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದು ಕಾಕಾ ದನಿ ತಗ್ಗಿಸಿದ. ಊಟ, ನಿದ್ದೆ ಅಷ್ಟೇ ಎಂದು ತಿಳಿದ ಮೇಲೆ ಇವರು ನಮ್ಮವರೇ ಎಂದು ತೀರ್ಮಾನಿಸಿದ. ಚಿತ್ರಮಂದಿರದಲ್ಲಿ ನಾಯಿಗಳಿಗೂ ಪ್ರವೇಶವಿತ್ತು. ಒಂದು ಮುದಿ ನಾಯಿ ಒಡತಿಯ ಪಕ್ಕದ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ.

ತಾಲೀಮು

ಮರುದಿನದ ತಾಲೀಮಿನಲ್ಲಿ ಮೊದಲ ಎಡವಟ್ಟು. ನಾನು ಅಣ್ಣಿಗೇರಿಯಲ್ಲಿ ಮೊಬೈಲ್ ನೋಡಿಕೊಂಡು ಮೊದಲೆರಡು ಭಾಗದ ಎಲ್ಲ ದೃಶ್ಯಕ್ಕೂ ಬಾರಿಸುವುದನ್ನು ಹೊಂದಿಸಿಕೊಂಡಿದ್ದೆ. ಇಲ್ಲಿ ಕಳ್ಳ ನದಿಗೆ ಇಳಿಯುವ ಹೊತ್ತಿಗೆ ನಾನು ಬಾರಿಸುವುದು ಮುಗಿದೇಹೋಗಿತ್ತು, ಅವನು ಇನ್ನೂ ಅರ್ಧ ನೀರಿನಲ್ಲಿದ್ದ. ಪ್ರೊಜೆಕ್ಟರ್ ನಡೆಸುವ ಬ್ರೂನೋ ಎಂಬ ಹಿರಿಯರು ಮೇಲಿನ ಕಿಂಡಿಯಿಂದ ತಲೆ ಹಾಕಿ ಏನೋ ಹೇಳಿದರು. ಮಾರ್ತಾ ಅದನ್ನು ಇಂಗ್ಲಿಷಿಗೆ ತಂದರು. ಆ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಒಬ್ಬೊಬ್ಬನ ಕೈ ಒಂದೊಂದು ಓಟ. ಅದನ್ನು ಈಗಿನ ಓಟದಲ್ಲಿ ಓಡಿಸಿದರೆ ಮನುಷ್ಯರು ಇರುವೆಯ ಹಾಗೆ ಕುಣಿಯುತ್ತಾರೆ. ನನ್ನ ಮೊಬೈಲಿಗೆ ಬಂದದ್ದು ಅಂಥ ಪ್ರತಿ. ಬ್ರೂನೋ ಚಿತ್ರ ತೆಗೆದವನ ಕೈಯ ಓಟಕ್ಕೆ ಯಂತ್ರವನ್ನು ಇಳಿಸಿದ್ದರು.

ಮೊಬೈಲಿನಲ್ಲಿ ನಗೆಪಾಟಲಾಗಿದ್ದ ಜನ ಇಲ್ಲಿ ಮನುಷ್ಯರಾಗಿದ್ದರು. ಚಿತ್ರದಲ್ಲಿ ಬರುವ ವಿಧವೆಯೊಬ್ಬಳು ಬಾವಿಯಿಂದ ಕೊಡ ಎತ್ತುವಾಗ ಅವಳ ತೋಳು ನೋಯುವುದು ಗೊತ್ತಾಗುತ್ತಿತ್ತು. ಆದರೆ ನನ್ನ ತಯಾರಿ ನೀರುಪಾಲಾಗಿತ್ತು. ತಲೆ ಮೇಲೆ ಕೈಹೊತ್ತು ಕೂತೆ. ಕಾಕಾಗೆ ಮಾತ್ರ ನಗು. ದೊಡ್ಡಾಟದಲ್ಲಿ ಇದು ದಿನನಿತ್ಯದ ಪಾಡು. ಒಳಗೆ ಮುಂದಿನ ವೇಷದವನ ಬಣ್ಣ ಮುಗಿದಿರುವುದಿಲ್ಲ, ಹೊರಗೆ ಜನ ಕೂತಿರುತ್ತಾರೆ, ಸಾರಥಿ ಇದ್ದ ದೃಶ್ಯವನ್ನೇ ಎಳೆದು ಎಳೆದು ಜನರನ್ನು ಹಿಡಿದಿಡಬೇಕು.

"ಎಳಿಯೂಣು ಬಾರಲೇ ಅಶೋಕ," ಎಂದು ಎದ್ದು ನಿಂತ. "ನದಿ ದೊಡ್ಡದೈತಿ, ನಮಗೇನ ಅವಸರ?"

ಮತ್ತೊಮ್ಮೆ ಚಿತ್ರ ಬಿಟ್ಟರು. ಕಳ್ಳ ನೀರಿಗಿಳಿದ. ಯಾಕಪ್ಪಾ ಈ ಹೊತ್ತಿನಲ್ಲಿ ನೀರಿಗಿಳಿದೆ, ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲವೇ ಎಂದು ಕಾಕಾ ಕೇಳಿದ. ಕಳ್ಳನ ದನಿಯಲ್ಲಿ ತಾನೇ ಉತ್ತರ ಕೊಟ್ಟ. ಇತ್ತ ವಿಧವೆ ದೀಪ ಹಚ್ಚುವ ದೃಶ್ಯ. ಹಗಲಲ್ಲಿ ತೆಗೆದ ಚಿತ್ರವನ್ನು ನೀಲಿ ಬಣ್ಣದಲ್ಲಿ ಅದ್ದಿ ಅದನ್ನು ರಾತ್ರಿ ಮಾಡಿದ್ದರು, ಕಾಕಾ ಒಂದೇ ಮಾತಿನಲ್ಲಿ ಕತ್ತಲೆ ಮಾಡಿದ. ಮತ್ತೆ ಅತ್ತ ನದಿ. ನೀರು ಕುದುರೆಯ ಕೊರಳಿಗೆ ಬಂತು. ಹೇಳುವ ಮಾತು ಮುಗಿದಿತ್ತು, ನದಿ ಮುಗಿದಿರಲಿಲ್ಲ. ಆಗ ಕಾಕಾನ ದನಿ ತಾನಾಗಿ ಮೇಲೇರಿತು, ಹಾಡಾಯಿತು. ಮೂರು ವರ್ಷದ ಮೇಲೆ ನಾನು ಆ ದನಿ ಕೇಳಿದ್ದು. ಸ್ವಲ್ಪ ಒಡೆದಿತ್ತು, ಆದರೆ ಅದೇ ದನಿ. ಸಂತೋಷಕ್ಕೆ ನನ್ನ ಬೆರಳು ಎಲ್ಲೆಲ್ಲೋ ಬಿದ್ದವು.

ಆ ಸಂತೋಷ ಮೂರನೆಯ ಭಾಗದವರೆಗೆ ಮಾತ್ರ. ಅದನ್ನು ನಾವಿಬ್ಬರೂ ನೋಡುತ್ತಿದ್ದದ್ದು ಮೊದಲ ಸಲ. ಕಳ್ಳ ತಾನು ಕದ್ದ ಕುದುರೆ ಆ ವಿಧವೆಯದೆಂದು ತಿಳಿದು ಅದನ್ನು ಮರಳಿ ಕೊಡಲು ಬರುತ್ತಾನೆ. ಬಾವಿಯ ಹತ್ತಿರ ಕುದುರೆ ಕಟ್ಟುವಾಗ ಬೆನ್ನಟ್ಟಿ ಬಂದ ಫೌಜದಾರ ಹಿಂದಿನಿಂದ ಗುಂಡು ಹಾರಿಸುತ್ತಾನೆ. ಅಲ್ಲಿಯವರೆಗೆ ದೂರವೇ ನಿಂತಿದ್ದ ಕ್ಯಾಮೆರಾ ಆಗ ಮೊದಲ ಸಲ ಹತ್ತಿರ ಹೋಗುತ್ತದೆ. ಪರದೆಯ ತುಂಬ ಒಂದೇ ಮುಖ. ಕಣ್ಣಿನ ಬೆಳಕು ಆರುವುದು ಕಾಣುತ್ತದೆ. ವಿಧವೆಯ ಮಗು ಅವನ ಟೊಪ್ಪಿಗೆಯನ್ನು ಅವನ ಮುಖಕ್ಕೆ ಮುಚ್ಚುತ್ತದೆ. ನಾಲ್ಕೂ ಕಡೆಯಿಂದ ಕಪ್ಪು ಸುತ್ತುಗಟ್ಟಿ ಬಂದು ಚಿತ್ರ ಮುಚ್ಚಿಹೋಗುತ್ತದೆ.

"ಇಷ್ಟ ಹತ್ರ ಹೋಗಬಾರದಿತ್ತು," ಎಂದ ಕಾಕಾ. ಆಮೇಲೆ, "ಮುಂದ?" ಎಂದು ಕೇಳಿದ.

ಮುಗಿಯಿತು ಎಂದೆ.

"ಮುಗೀತು ಅಂದ್ರ? ಬಿದ್ದಾಂವ ಇನ್ನೂ ಬಿದ್ದಾನಲ್ಲೋ."

ನಾನು ವಿವರಿಸಿದೆ. ಇದು ಚಿತ್ರ, ನೂರು ವರ್ಷದ ಹಿಂದೆ ತೆಗೆದದ್ದು. ಆ ನಟ ಅಂದು ಸಂಜೆಯೇ ಎದ್ದು ಮೈಕೊಡವಿಕೊಂಡು ಮನೆಗೆ ಹೋಗಿರುತ್ತಾನೆ, ಹೆಂಡತಿ ಮಕ್ಕಳೊಂದಿಗೆ ಬಾಳಿ ಯಾವಾಗಲೋ ತೀರಿಕೊಂಡಿರುತ್ತಾನೆ. ಕಾಕಾ ಕೇಳಿಸಿಕೊಂಡ. ಅವನು ಎದ್ದದ್ದನ್ನು ಜನ ನೋಡಿದರೇನು ಎಂದು ಕೇಳಿದ. ನೋಡಿರಲಾರರು ಎಂದೆ. ಹಾಗಾದರೆ ಇನ್ನೂ ಕೆಟ್ಟದ್ದು ಎಂದ. ಎಷ್ಟು ಊರಿನ ಎಷ್ಟು ಜನ ನೋಡಿ ಎದ್ದುಹೋದರು, ನೂರು ವರ್ಷದಿಂದ ಒಬ್ಬರೂ ಅವನನ್ನು ಎಬ್ಬಿಸಿಲ್ಲ. ತಾಳವನ್ನು ಕಂಬಳಿಯ ಮಡಿಕೆಯಲ್ಲಿ ಸುತ್ತಿಟ್ಟ.

"ನಾ ಹಾಡಂಗಿಲ್ಲ. ಒಬ್ಬನ್ನ ಹಂಗ ಬಿಟ್ಟ ಬಂದೇನಿ. ಇನ್ನೊಬ್ಬನ್ನ ಬಿಡಂಗಿಲ್ಲ."

ನಡುವಿನ ದಿನ

ಮುಂಜಾನೆ ನಾನೊಬ್ಬನೇ ಊರು ಸುತ್ತಿದೆ. ನನಗೆ ಕಾಕಾನ ಮೇಲೆ ಸಿಟ್ಟು ಬಂದಿತ್ತು. ಅಷ್ಟು ದೂರ ಕರೆಸಿಕೊಂಡವರಿಗೆ ಏನು ಹೇಳುವುದು? ಮಕ್ಕಳಿಗೆ ಗ್ರಹಣ ಹೇಗಾಗುತ್ತದೆ ಎಂದು ಕಲಿಸುವ ನಾನು, ಸತ್ತ ಕಳ್ಳನನ್ನು ಎಬ್ಬಿಸದಿದ್ದರೆ ನಮ್ಮ ಕಾಕಾ ಹಾಡುವುದಿಲ್ಲ ಎಂದು ಇಟಲಿಯವರಿಗೆ ಯಾವ ಬಾಯಿಂದ ಹೇಳಲಿ? ಆದರೆ ಸಿಟ್ಟಿನ ಕೆಳಗೆ ಬೇರೆಯದೇ ಇತ್ತು. ಆಟ ನಿಂತರೆ ಊರಿಗೆ ಮರಳಿ ತಾಳ ಮತ್ತೆ ಗೂಟಕ್ಕೆ ಹೋಗುತ್ತದೆ, ಈ ಸಲ ಇಳಿಯುವುದಿಲ್ಲ. ನನಗೆ ಅದರ ಹೆದರಿಕೆ. ಕಾಲುವೆಯ ದಂಡೆಯಲ್ಲಿ ಒಬ್ಬ ಮುದುಕ ಮೀನು ಹಿಡಿದು, ತೂಗಿ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದ. ತಿನ್ನುವುದಿಲ್ಲವಾದರೆ ಹಿಡಿಯುವುದೇಕೆ ಎಂದು ನಾನು ಕೇಳಲಿಲ್ಲ. ಪ್ರತಿಯೊಂದು ಊರಿಗೂ ಪರದೇಶಿಗೆ ವಿವರಿಸಲಾಗದ ಕೆಲವು ಪದ್ಧತಿಗಳು ಇರುತ್ತವೆ.

ಕೊನೆಗೆ ಚಿತ್ರಮಂದಿರಕ್ಕೆ ಹೋಗಿ ಮಾರ್ತಾ, ಬ್ರೂನೋ ಇಬ್ಬರ ಎದುರೂ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅಪ್ಪನ ರಾಕ್ಷಸ ಪಾತ್ರ, ಗಾಳಿಮಳೆ, ಕತ್ತಲೆ, ಹೊಲ, ಎಲ್ಲ. ನನಗೆ ನಂಬಿಕೆ ಇಲ್ಲ ಎಂಬುದನ್ನೂ ಹೇಳಿದೆ. ಮಾರ್ತಾ ಅದನ್ನು ಬ್ರೂನೋಗೆ ತಮ್ಮ ಭಾಷೆಯಲ್ಲಿ ಹೇಳುವಾಗ ಒಂದೆರಡು ಕಡೆ ತಡೆದು ನಿಂತರು. ಬ್ರೂನೋ ನಗಬಹುದೆಂದುಕೊಂಡಿದ್ದೆ. ಅವರು ನಗಲಿಲ್ಲ. ತಾವು ಈ ಕೆಲಸಕ್ಕೆ ಸೇರಿದಂದಿನಿಂದ ಚಿತ್ರ ಮುಗಿದ ಮೇಲೆ ಸುರುಳಿಯನ್ನು ಮೊದಲಿನ ತುದಿಗೆ ಸುತ್ತದೆ ಮನೆಗೆ ಹೋದವರಲ್ಲವಂತೆ. ಮರುದಿನ ಸುತ್ತಿದರೂ ನಡೆಯುತ್ತದೆ, ಆದರೆ ಒಳಗಿನವರನ್ನು ಮುಗಿದ ಸ್ಥಿತಿಯಲ್ಲಿ ಬಿಟ್ಟು ದೀಪ ಆರಿಸಲು ಮನಸ್ಸು ಒಪ್ಪುವುದಿಲ್ಲ ಎಂದರು. ಹೆಂಡತಿ ಇದಕ್ಕೆ ನಗುತ್ತಾಳೆ ಎಂದೂ ಹೇಳಿದರು.

ಆಮೇಲೆ ಅವರಿಬ್ಬರೂ ತಮ್ಮತಮ್ಮಲ್ಲೇ ಬಿರುಸಾಗಿ ಮಾತಾಡಿಕೊಂಡರು. ಜಗಳವೇನೋ ಎಂದುಕೊಂಡೆ, ಅಲ್ಲಿ ಸಾದಾ ಮಾತೂ ಹಾಗೇ ಇರುತ್ತದೆ. ಮಾರ್ತಾ ನನ್ನ ಕಡೆ ತಿರುಗಿದರು. ಈ ಚಿತ್ರದ ಡಬ್ಬಿಯಲ್ಲಿ ಒಂದು ಗಿಡ್ಡ ತುಂಡು ಬೇರೆಯಾಗಿಯೇ ಇದೆ ಎಂದರು. ಕಥೆಗೂ ಅದಕ್ಕೂ ಸಂಬಂಧವಿಲ್ಲ. ನಟರು ಒಬ್ಬೊಬ್ಬರೇ ಕ್ಯಾಮೆರಾದ ಎದುರು ಬಂದು ನಿಂತು, ನೋಡುವವರ ಕಡೆ ನೇರವಾಗಿ ನೋಡಿ, ಟೊಪ್ಪಿಗೆ ತೆಗೆದು ಹೋಗುತ್ತಾರೆ. ಸಿನಿಮಾದ ಮೊದಮೊದಲ ವರ್ಷಗಳಲ್ಲಿ ಇಂಥ ತುಂಡುಗಳನ್ನು ಮಾಡಿ ಮಾರುತ್ತಿದ್ದರು. ಮೊದಲಿಗೆ ಹಚ್ಚಿದರೆ ಪಾತ್ರಪರಿಚಯ, ಕೊನೆಗೆ ಹಚ್ಚಿದರೆ ಬೀಳ್ಕೊಡುಗೆ. ಎಲ್ಲಿ ಹಚ್ಚಬೇಕೆಂಬುದು ಚಿತ್ರ ತೋರಿಸುವವರ ಮರ್ಜಿಗೆ ಬಿಟ್ಟದ್ದು. ಕಥೆಗೆ ತೊಡಕಾದೀತೆಂದು ಇವರು ಅದನ್ನು ಹಚ್ಚಿಯೇ ಇರಲಿಲ್ಲ.

ಅದರಲ್ಲಿ ಕಳ್ಳನೂ ಇದ್ದಾನೆಯೇ ಎಂದು ಕೇಳಿದೆ. ಕೊನೆಯವನು ಅವನೇ ಎಂದರು ಮಾರ್ತಾ.

ಕಾಕಾನನ್ನು ಕರೆತಂದೆ. ಬ್ರೂನೋ ದೀಪವಿದ್ದ ಗಾಜಿನ ಮೇಜಿನ ಮೇಲೆ ಫಿಲ್ಮು ಹರವಿ, ನೋಡಲು ಭೂತಗನ್ನಡಿ ಕೊಟ್ಟರು. ಒಂದರ ಕೆಳಗೊಂದು ಹೆಬ್ಬೆರಳ ಉಗುರಿನಷ್ಟು ಚಿತ್ರಗಳು. ಎಲ್ಲದರಲ್ಲೂ ಅದೇ ಮನುಷ್ಯ, ಟೊಪ್ಪಿಗೆ ಮಾತ್ರ ಕೂದಲೆಳೆಯಷ್ಟು ಮೇಲೇರುತ್ತ ಹೋಗಿದೆ. ಕಾಕಾ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಬ್ರೂನೋನ ಮುಂಗೈ ಹಿಡಿದುಕೊಂಡು ಕನ್ನಡದಲ್ಲೇ ಹೇಳಿದ.

"ಇದನ್ನ ಕಡೀಕ ಹಚ್ರಿ. ನಾ ಹಾಡತೀನಿ."

ಅನುವಾದ ಬೇಕಾಗಲಿಲ್ಲ. ಬ್ರೂನೋ ಆಗಲೇ ಅಂಟಿಸುವ ಸಾಮಾನು ಹುಡುಕುತ್ತಿದ್ದರು.

ಆಟದ ದಿನ

ಸಂಜೆ ಹೊತ್ತಿಗೆ ಕುರ್ಚಿಗಳು ತುಂಬಿದ್ದವು. ಹೆಚ್ಚಿನವರು ವಯಸ್ಸಾದವರು, ಅಲ್ಲಲ್ಲಿ ಕಾಲೇಜು ಮಕ್ಕಳು, ಜೊತೆಗೆ ಆ ಮುದಿ ನಾಯಿ. ಕಾಕಾ ಧೋತರ, ಬಿಳಿ ಅಂಗಿ, ರುಮಾಲಿನಲ್ಲಿ ಪರದೆಯ ಎಡಕ್ಕೆ ನಿಂತಿದ್ದ. ಮಾರ್ತಾ ನಾಲ್ಕು ಮಾತು ಹೇಳಿ ನಮ್ಮನ್ನು ಪರಿಚಯಿಸಿದರು. ದೀಪ ಆರಿತು.

ಕಾಕಾ ಕನ್ನಡದಲ್ಲೇ ಕೇಳಿದ, ಕನ್ನಡದಲ್ಲೇ ಉತ್ತರಿಸಿದ. ಫೌಜದಾರ ಮೀಸೆ ತಿರುವಿ ಬಂದಾಗ ಅವನನ್ನು ವಿಚಾರಿಸಿದ ಧಾಟಿಗೆ ಜನ ನಕ್ಕರು. ಯಾವ ಮಾತಿಗೆ ನಗಬೇಕೋ ಅದೇ ಮಾತಿಗೆ ನಕ್ಕರು, ಹೇಗೆಂದು ನನಗೆ ತಿಳಿಯದು. ನದಿಯ ದೃಶ್ಯ ಬಂತು. ಹಾಡು ಅತ್ತ ದಂಡೆ ಬಿಟ್ಟು ಇತ್ತ ದಂಡೆಗೆ ಸರಿಯಾಗಿ ಬಂದು ಮುಟ್ಟಿತು. ಬಾವಿಯ ಹತ್ತಿರ ಗುಂಡು ಹಾರಿದಾಗ ಕಾಕಾ ತಾಳ ನಿಲ್ಲಿಸಿದ. ಆ ದೊಡ್ಡ ಮುಖ ಪರದೆಯ ಮೇಲೆ ಇದ್ದಷ್ಟು ಹೊತ್ತೂ ಏನೂ ಹೇಳಲಿಲ್ಲ, ನನಗೂ ಬಾರಿಸಬೇಡವೆಂದು ಕೈಸನ್ನೆ ಮಾಡಿದ. ಮಗು ಟೊಪ್ಪಿಗೆ ಮುಚ್ಚಿತು, ಕಪ್ಪು ಬಂದು ಸುತ್ತಿಕೊಂಡಿತು. ಮುಗಿಯಿತೆಂದು ಕೆಲವರು ಚಪ್ಪಾಳೆಗೆ ಕೈ ಎತ್ತಿದರು.

ಆಗ ಬ್ರೂನೋ ಅಂಟಿಸಿದ ತುಂಡು ಬಂತು. ಮೊದಲು ವಿಧವೆ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ನಮ್ಮನ್ನು ನೋಡಿದಳು. ಫೌಜದಾರ ಬಂದ, ಈಗ ಅವನ ಮುಖದಲ್ಲಿ ಬಿಗಿಯೇ ಇರಲಿಲ್ಲ. ಮಗುವನ್ನು ಯಾರೋ ಹಿಂದಿನಿಂದ ಮುಂದಕ್ಕೆ ನೂಕಿದರು. ಕೊನೆಗೆ ಕಳ್ಳ. ಕಾಕಾ ಪರದೆಯ ಹತ್ತಿರ ಹೋಗಿ, ಊರಲ್ಲಿ ಮಾಡುವ ಹಾಗೆಯೇ ಕೈ ಚಾಚಿದ. ಪ್ರೊಜೆಕ್ಟರಿನ ಬೆಳಕಿನಲ್ಲಿ ಆ ಕೈಯ ನೆರಳು ಕಳ್ಳನ ಎದೆಯ ಮೇಲೆ ಬಿತ್ತು. ಕಳ್ಳ ಟೊಪ್ಪಿಗೆ ತೆಗೆದ, ಪಕ್ಕದಲ್ಲಿದ್ದವರು ಯಾರೋ ಏನೋ ಅಂದಿರಬೇಕು, ಅತ್ತ ನೋಡಿ ನಕ್ಕುಬಿಟ್ಟ. ಮುಂದಿನ ಒಂದು ಹಲ್ಲು ಇರಲಿಲ್ಲ. ಸಭಾಂಗಣದಲ್ಲಿ ಒಬ್ಬ ಹೆಂಗಸು ಜೋರಾಗಿ ಉಸಿರು ಬಿಟ್ಟಳು.

ಕಾಕಾ ಮಂಗಳ ಎತ್ತಿಕೊಂಡ. ನಮ್ಮ ಮೇಳದ ಮಂಗಳದಲ್ಲಿ ದೇವರ ಹೆಸರು ಕಡಿಮೆ. ಹೊಲಕ್ಕೆ ಮಂಗಳ, ಬಾವಿಗೆ ಮಂಗಳ, ದನಕರುಗಳಿಗೆ ಮಂಗಳ, ನೋಡಲು ಬಂದವರಿಗೆ ಮಂಗಳ, ಬಿದ್ದು ಎದ್ದವನಿಗೆ ಮಂಗಳ. ಬಿದ್ದವನ ಸ್ವಂತ ಹೆಸರನ್ನು, ಊರನ್ನು ಸೇರಿಸಿ ಕೊನೆಯ ನುಡಿ ಹಾಡುವುದು ರೂಢಿ. ಕಳ್ಳನ ಪಾತ್ರ ಮಾಡಿದವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾಕಾ ಅವನನ್ನು ಅಣ್ಣಾ ಎಂದು ಕರೆದು ಆ ನುಡಿ ಮುಗಿಸಿದ. ತುಂಡೂ ಅಲ್ಲಿಗೆ ಮುಗಿಯಿತು. ಪರದೆ ಬೆಳ್ಳಗಾಯಿತು.

ಇನ್ನು ಮುಗಿಯಿತೆಂದು ನಾನು ಹಾರ್ಮೋನಿಯಂ ಮೇಲಿನಿಂದ ಕೈ ತೆಗೆಯುವವನಿದ್ದೆ. ಕಾಕಾ ಚಾಚಿದ ಕೈ ಇಳಿಸಿರಲಿಲ್ಲ. ಮೇಲೆ ಬ್ರೂನೋ ದೀಪ ಆರಿಸಿರಲಿಲ್ಲ. ಆ ಖಾಲಿ ಬೆಳಕಿನ ಕಡೆ ಕೈ ಚಾಚಿಕೊಂಡೇ ಕಾಕಾ ಅದೇ ನುಡಿಯನ್ನು ಮತ್ತೊಮ್ಮೆ ಹಾಡಿದ, ಈ ಸಲ ಹೆಸರು ಸೇರಿಸಿ. ದುಮ್ಮವಾಡದ ಯಲ್ಲಪ್ಪನಿಗೆ ಮಂಗಳ ಎಂದ. ಆ ಸಭೆಯಲ್ಲಿ ಅದು ನನ್ನ ಅಪ್ಪನ ಹೆಸರೆಂದು ತಿಳಿದವನು ನಾನೊಬ್ಬನೇ. ಕಣ್ಣು ಮಂಜಾಗಿ ಪರದೆಯೂ ಕಾಣುತ್ತಿರಲಿಲ್ಲ, ಬಾರಿಸುತ್ತಲೇ ಹೋದೆ. ಹೃದಯಾಘಾತವನ್ನು ನಾನು ಈಗಲೂ ನಂಬುತ್ತೇನೆ. ಆದರೆ ಅಪ್ಪ ಎದ್ದ.